ಖಾತೆದಾರರೇ ಮಾತಾಡಬೇಕು

“ಖಾತೆದಾರರೇ ಮಾತಾಡಬೇಕು ಸರ್” ಎಂದು ಫೋನಿನಲ್ಲಿದ್ದ ಹುಡುಗಿ ಮೂರನೇ ಸಲ ಹೇಳಿದಳು. ಖಾತೆದಾರ ಎರಡು ಮಾರು ದೂರದಲ್ಲಿ ಮರ ಕಡೆಯುವ ಲೇತಿನ ಮುಂದೆ ನಿಂತು ಚದುರಂಗದ ಕಾಲಾಳೊಂದರ ಕುತ್ತಿಗೆ ಕಡೆಯುತ್ತಿದ್ದ. ಅಪ್ಪನಿಗೆ ಕಿವಿ ಕೇಳುವುದಿಲ್ಲ, ಖಾತೆಯಲ್ಲಿ ಹಣ ಕೂಡಿಟ್ಟಿರುವುದೇ ಅವರ ಕಿವಿಯ ಮಿಷನ್ನಿಗೆ ಎಂದು ಮಗ ಮೂರು ಸಲವೂ ಹೇಳಿದ್ದ.

ಮೂವತ್ತು ವರ್ಷದ ಲೇತಿನ ಸದ್ದು ಅಪ್ಪನ ಕಿವಿ ತಿಂದಿತ್ತು. ಕಡೆದ ಕಾಯಿಗಳನ್ನು ಮಗ ಆನ್‌ಲೈನಿನಲ್ಲಿ ಮಾರುತ್ತಿದ್ದ. ಕೊಂಡವರ ಹಣ ಒಂದು ಕಂಪನಿಯಲ್ಲಿ ಅಪ್ಪನ ಹೆಸರಿನ ಖಾತೆಗೆ ಬಂದು ಬೀಳುತ್ತಿತ್ತು. ಅಲ್ಲಿಂದ ತೆಗೆದಾಗಲೆಲ್ಲ ನೂರೈವತ್ತು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಅದು ಗೊತ್ತಾದ ದಿನ ಮಗನೇ ತಲೆ ಓಡಿಸಿ, ಮಿಷನ್ನಿನ ಬೆಲೆ ಕೂಡುವ ತನಕ ಒಂದು ಕಾಸೂ ಮುಟ್ಟುವುದು ಬೇಡ ಎಂದಿದ್ದ. ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ಇವತ್ತು ತೆಗೆಯಲು ಹೋದರೆ ನಲವತ್ತು ಸಾವಿರ ಇರಬೇಕಾದ ಕಡೆ ಇಪ್ಪತ್ತೊಂಬತ್ತು ಇತ್ತು. ಆರು ತಿಂಗಳು ಹಣ ತೆಗೆಯದಿದ್ದವರಿಗೆ ‘ನಿಷ್ಕ್ರಿಯ ಖಾತೆ ಶುಲ್ಕ’ವಂತೆ. ಹೇಳಲೇ ಇಲ್ಲವಲ್ಲ ಎಂದರೆ, ಹೇಳಿದ್ದೇವೆ ಸರ್, ‘ನಿಮಗೊಂದು ಸಿಹಿಸುದ್ದಿ’ ಎಂಬ ಮೇಲ್ ಬಂದಿದೆ ನೋಡಿ, ಅದರ ಕಟ್ಟಕಡೆಯಲ್ಲಿದೆ ಎಂದಳು. ದೂರು ಬರೆದುಕೊಳ್ಳಬೇಕಾದರೆ ಖಾತೆದಾರರು ತಮ್ಮ ದನಿಯಲ್ಲೇ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು.

ಮಗ ಫೋನಿನ ಬಾಯಿ ಮುಚ್ಚಿ, ಗೋಡೆಯ ಕಡೆ ತಿರುಗಿ, ಆ ಕಂಪನಿಯನ್ನೂ ತನ್ನ ಜಾಣತನವನ್ನೂ ಬಾಯಿಗೆ ಬಂದಂತೆ ಬೈದುಕೊಂಡ. ಆಮೇಲೆ ಹೋಗಿ ಲೇತು ನಿಲ್ಲಿಸಿದ.

ಅಪ್ಪ ಮಗನ ಮಾತುಕತೆಯೆಲ್ಲ ಒಂದು ಪ್ಲೈವುಡ್ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ‘ಕಾಲಾಳು ಹದಿನಾರು’, ‘ಊಟಕ್ಕೆ ಬಾ’, ‘ಮರ ಹಸಿ ಇದೆ’. ಅದಕ್ಕಿಂತ ಉದ್ದದ ಮಾತು ಅಲ್ಲಿ ಬರೆದದ್ದಿಲ್ಲ. ಮಗ ಸ್ಪೀಕರ್ ಹಾಕಿ ಫೋನನ್ನು ಅಪ್ಪನ ಕೈಗೆ ಕೊಟ್ಟು, ‘ಅವಳು ಕೇಳಿದ್ದನ್ನ ನಾನು ಬರೀತೀನಿ, ನೀನು ಹೇಳು’ ಎಂದು ಬರೆದ. ಅಪ್ಪ ಮೈಮೇಲಿನ ಹೊಟ್ಟು ಕೊಡವಿ, ದೊಡ್ಡ ಮನುಷ್ಯರ ಮುಂದೆ ನಿಂತಂತೆ ನೆಟ್ಟಗೆ ನಿಂತ.

ಮೊದಲನೆಯದು ಹುಟ್ಟಿದ ತಾರೀಕು. ಲೇತು ಓಡುತ್ತಿದ್ದಾಗಿನ ದನಿಯಲ್ಲೇ ಅಪ್ಪ ಕೂಗಿ ಹೇಳಿದ. ಎರಡನೆಯದು ತಾಯಿಯ ಹೆಸರು. ಅದನ್ನೂ ಹೇಳಿ, “ನಮ್ಮವ್ವ ಸತ್ತು ಇಪ್ಪತ್ತು ವರ್ಷ ಆಯ್ತು, ಅವಳ್ಯಾಕಮ್ಮ ನಿಂಗೆ” ಎಂದು ನಕ್ಕ.

“ಅದೇನು ಸರ್, ಕರಕರ ಸದ್ದು?” ಹುಡುಗಿ ಕೇಳಿದಳು. “ಪಕ್ಕದಲ್ಲಿ ಯಾರಾದ್ರೂ ಬರೆದು ತೋರಿಸ್ತಿದಾರಾ?”

ಸೀಮೆಸುಣ್ಣ ಹಲಗೆಯ ಮೇಲೆ ನಿಂತುಬಿಟ್ಟಿತು. ಅಪ್ಪ ತನ್ನ ಉತ್ತರ ಸರಿಯಾಗಿ ಮುಟ್ಟಲಿಲ್ಲವೇನೋ ಎಂದುಕೊಂಡು ತಾಯಿಯ ಹೆಸರನ್ನು ಇನ್ನೂ ಜೋರಾಗಿ ಹೇಳಿದ.

“ಇನ್ನೊಬ್ಬರ ಸಹಾಯ ತಗೊಂಡು ಉತ್ತರ ಕೊಡೋ ಹಾಗಿಲ್ಲ ಸರ್. ಕ್ಷಮಿಸಿ.” ಕರೆ ಕಟ್ಟಾಯಿತು.

ಹಲಗೆಯ ಮೇಲೆ ಅದನ್ನು ಬರೆಯಲು ಮಗನಿಗೆ ಕೈ ಬರಲಿಲ್ಲ. ಅಷ್ಟರಲ್ಲಿ ಅಪ್ಪನ ಅಂಗೈಯಲ್ಲಿ ಫೋನು ಗುರ್ ಎಂದಿತು. ಮಗ ಬಗ್ಗಿ ನೋಡಿದ. ಪ್ರತಿನಿಧಿಯೊಂದಿಗೆ ಮಾತಾಡಿದ್ದಕ್ಕೆ ತೊಂಬತ್ತೊಂಬತ್ತು ರೂಪಾಯಿ ಕಡಿತವಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂದಿತ್ತು.

“ಏನೋ ಕೇಳ್ತಿದಾಳೆ ಕಣೋ, ಕೈಗೆ ಗೊತ್ತಾಯ್ತು” ಎಂದ ಅಪ್ಪ. “ಬರಿ, ಬರಿ. ಪಾಪ, ಕಾಯ್ತಿರ್ತಾಳೆ.”

ಮಗ ತುಂಬ ಹೊತ್ತು ಹಲಗೆ ಒರೆಸಿದ. ಕೊನೆಗೆ ತನಗೆ ತೋಚಿದ್ದೊಂದನ್ನು ಬರೆದ: ‘ಈ ಹಣ ನಿನಗೆ ಯಾಕೆ ಬೇಕು ಅಂತ ಕೇಳ್ತಿದಾಳೆ’

ಅಪ್ಪ ಓದಿ ತಲೆಯಾಡಿಸಿದ. ಕರೆ ಕಟ್ಟಾದ ಫೋನನ್ನು ತುಟಿಯ ಹತ್ತಿರ ತಂದು, ಈ ಸಲ ಮಾತ್ರ ಮೆಲ್ಲಗೆ, ಮಗನಿಗೆ ಕೇಳಿಸದಿರಲಿ ಎಂಬಂತೆ ಹೇಳಿದ:

“ಕಿವಿ ಮಿಷನ್ನಿಗಮ್ಮ. ಕೆಲಸಕ್ಕೇನೂ ಬೇಕಾಗಿಲ್ಲ, ಲೇತು ಹ್ಯಾಗೆ ಓಡ್ತಿದೆ ಅಂತ ಕೈ ಇಟ್ರೆ ಗೊತ್ತಾಗತ್ತೆ. ನನ್ ಮಗ ಒಬ್ಬ ಇದಾನೆ. ದಿನಾ ಗೋಡೆ ಕಡೆ ತಿರುಗಿ ಅದೇನೋ ಹೇಳ್ಕೋತಾನೆ. ಹಲಗೆ ಮೇಲೆ ಮಾತ್ರ ಅದನ್ನ ಬರೆಯಲ್ಲ. ಅದೇನು ಅಂತ ಒಂದ್ಸಲ ಕೇಳಿಸ್ಕೋಬೇಕು.”

ಹೇಳಿ ಮುಗಿಸಿ, ಫೋನನ್ನು ಹಾಗೇ ಹಿಡಿದುಕೊಂಡು, ಮುಂದಿನ ಪ್ರಶ್ನೆಗಾಗಿ ಹಲಗೆ ನೋಡುತ್ತ ನಿಂತ.