ಕರಡಿಮರಿ ಪೊಟ್ಟಣ

ಕ್ರೇಟಮ್ ಎಂಬ ನಶೆ ಎಲೆಯ ರಸ ಬೆರೆಸಿದ ಜೆಲ್ಲಿ ಮಿಠಾಯಿಯ ಬೆನ್ನು ಹತ್ತಿ, ಆಹಾರ ಸುರಕ್ಷತಾ ಅಧಿಕಾರಿ ಪ್ರಮೀಳಾ ಹದಿನೈದು ದಿನ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದ್ದಳು. ನೀಲಿ ಪೊಟ್ಟಣ, ಮೇಲೆ ಕಣ್ಣು ಮಿಟುಕಿಸುವ ಕರಡಿಮರಿ. ‘ಹದಿನೆಂಟು ದಾಟಿದವರಿಗೆ ಮಾತ್ರ’ ಎಂಬುದು ಮಾತ್ರ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಅಂಗಡಿಯವರದ್ದೆಲ್ಲ ಒಂದೇ ರಾಗ. “ದೊಡ್ಡೋರಷ್ಟೇ ತಗೊಳ್ಳೋದು ಮೇಡಂ. ಮಕ್ಕಳು ಬಂದ್ರೆ ಬೈದು ಕಳಿಸ್ತೀವಿ.”

ಅಲ್ಲವೆನ್ನುವವರು ಒಬ್ಬರೂ ಸಿಗಲಿಲ್ಲ. ಕೊನೆಗೆ ‘ಮಕ್ಕಳ ಕೈಗೆ ತಲುಪುತ್ತಿರುವುದಕ್ಕೆ ಪುರಾವೆ ಇಲ್ಲ’ ಎಂದು ವರದಿ ಬರೆದು, ಸಹಿ ಹಾಕಿ ಕಳಿಸಿ, ಅಲ್ಲಿಂದ ನೇರ ಶಾಲೆಯೊಂದಕ್ಕೆ ಹೋದಳು. ‘ಕಸದಿಂದ ರಸ’ ವಸ್ತುಪ್ರದರ್ಶನಕ್ಕೆ ಅವಳೇ ಮುಖ್ಯ ಅತಿಥಿ.

ಕಾಲು ಪದ ಹೇಳುತ್ತಿದ್ದವು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಹಾರ ಹಿಡಿದು ಬಂದಾಗ ಏಳಲೂ ಆಗದೆ ಕೂತಲ್ಲೇ ಕೊರಳೊಡ್ಡಿ ಕಣ್ಣು ಮುಚ್ಚಿದಳು. ಚಪ್ಪಾಳೆ ಬಿತ್ತು.

“ಹೂವಿನ ಹಾರ ಬೇಡ ಅಂತ ಮಕ್ಕಳೇ ಮಾಡಿದ್ದು ಮೇಡಂ,” ಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ ಹೇಳಿದರು. “ಎಲ್ಲಾ ಎಸೆಯೋ ಕವರೇ.”

ಎದೆಯ ಮೇಲೆ ಏನೋ ಸರಸರ ಎಂದಿತು. ಪ್ರಮೀಳಾ ಕಣ್ಣು ತೆರೆದು ನೋಡಿಕೊಂಡಳು. ನೀಲಿ ನೆರಿಗೆಗಳ ನಡುವಿನಿಂದ ಸಾಲುಸಾಲು ಕರಡಿಮರಿಗಳು ಅವಳತ್ತ ಕಣ್ಣು ಮಿಟುಕಿಸುತ್ತಿದ್ದವು.

“ಇಷ್ಟೊಂದು ಕವರ್ ಎಲ್ಲಿ ಹುಡುಕಿದ್ರಿ ಪುಟ್ಟಿ?” ಹಾರದ ಒಂದು ಕವರನ್ನು ಬೆರಳಲ್ಲಿ ಹಿಡಿದು ಪ್ರಮೀಳಾ ಕೇಳಿದಳು.

“ಎಲ್ಲೂ ಹುಡುಕ್ಲಿಲ್ಲ ಮಿಸ್,” ಎಂದಳು ಹುಡುಗಿ. “ನಮ್ ಕ್ಲಾಸಿನೋರು ತಿಂದಿದ್ದೇ ಸಾಕಾಯ್ತು.”