ಒಕ್ಪೋಟಿಯ ಬಿಳಿ ಬೆಂಜ್

ಟಾರ್ಪಾಲಿನ ಒಂದು ಮೂಲೆ ಸರಿದಿತ್ತು. ಬಿಳಿ ಬಾನೆಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು. ಮುದುಕ ಒಕ್ಪೋಟಿ ಬಗ್ಗಿ ಮೂಸಿ ನೋಡಿದ. ಹೊಗೆ ಮೀನಿನ ವಾಸನೆ.

"ದೆದೆಯಿ! ನನ್ನ ಗಾಡೀನ ಯಾರಿಗೆ ತೋರಿಸಿದೆ?"

ಮಗಳು ದೆದೆಯಿ ಅಂಗಳದ ಒಲೆಯ ಮೇಲೆ ಮೀನು ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಕೊಳ್ಳೋರಿಗೆ. ಮುಚ್ಚಿಟ್ಟಿದ್ದನ್ನ ಯಾರಪ್ಪ ಕೊಳ್ತಾರೆ?"

"ಮಾರ್ತೀನಿ ಅಂತ ನಾನು ಯಾವಾಗ ಹೇಳಿದೆ?"

"ನೀನು ಹೇಳಲಿಲ್ಲ. ಡಾಕ್ಟರು ಹೇಳಿದರಲ್ಲ, ಸಾಕು."

ಒಕ್ಪೋಟಿ ಬಾನೆಟ್ಟಿನ ಕಡೆ ತಿರುಗಿದ. ಹೋದ ವರ್ಷ ಹಾಸಿಗೆ ಹಿಡಿದಿದ್ದಾಗಲೇ ಹಟ ಮಾಡಿ ಮಾಡಿಸಿಕೊಂಡ ಗಾಡಿ ಅದು. ಬಣ್ಣ ಅವನೇ ಆರಿಸಿದ್ದ. ನಂಬರ್ ಪ್ಲೇಟಿನ ಮೇಲೆ ಅವನದೇ ಹೆಸರು. ಅದು ಹೊರಡುವ ದಿನಕ್ಕೆಂದು ಮನೆಮಂದಿಯೆಲ್ಲ ಒಂದೇ ತರದ ಬಟ್ಟೆ ಹೊಲಿಸಿದ್ದರು. ಆಮೇಲೆ ಡಾಕ್ಟರ ಮಾತು ಬಂತು. ಗಾಡಿ ಷೆಡ್ಡಿನಲ್ಲೇ ಉಳಿಯಿತು. ಮೊಮ್ಮಕ್ಕಳಿಗೆ ಆ ಬಟ್ಟೆ ಈಗಾಗಲೇ ಬಿಗಿ.

"ಮಳೆ ಬಂದರೆ ನನ್ನ ಒಲೆ ಇಡೋಕೆ ಜಾಗ ಇಲ್ಲ," ಎಂದಳು ದೆದೆಯಿ. "ಆ ಮಹಾರಾಣಿ ಮಾತ್ರ ಷೆಡ್ಡಿನಲ್ಲಿ ಮಲಗಿದಾಳೆ. ಪೆಟ್ರೋಲ್ ಕುಡಿಯಲ್ಲ ಅನ್ನೋದೊಂದೇ ಪುಣ್ಯ."

"ನಾಳೆಯೇ ನಾನು ಹೊರಡಬೇಕಾಗಿ ಬಂದರೆ?"

"ಅದರಲ್ಲಿ ಹೋಗ್ತೀನಂದ್ರೆ ನಾನು ಬೇಡ ಅಂತೀನಾ? ಡಾಕ್ಟರೇ ಆ ದಾರಿ ಮುಚ್ಚಿಬಿಟ್ಟರಲ್ಲಪ್ಪ!"

ಒಕ್ಪೋಟಿ ಬಟ್ಟೆ ತಂದು ಬೆರಳಿನ ಗುರುತು ಒರೆಸಿದ. ಬೆಳಿಗ್ಗೆ ಎದ್ದರೆ ಇದೇ ಅವನ ಕೆಲಸ. ತಿಂಡಿಗಿಟ್ಟ ಕೆಂಕಿ ಮುದ್ದೆ ತಣ್ಣಗಾದರೂ ಪರವಾಗಿಲ್ಲ, ಬಾನೆಟ್ಟಿನಲ್ಲಿ ಮುಖ ಕಾಣಬೇಕು.

ನಲವತ್ತು ವರ್ಷ ಅವನು ದೊಡ್ಡ ಅಧಿಕಾರಿಗಳ ಬೆಂಜ್ ಓಡಿಸಿದ್ದ. ಬಾಗಿಲು ತೆಗೆದಿದ್ದ, ಛತ್ರಿ ಹಿಡಿದಿದ್ದ, ಹಿಂದಿನ ಸೀಟಿನ ಗೊರಕೆ ಕೇಳಿದ್ದ. ಇದು ಮಾತ್ರ ಅವನ ಸ್ವಂತದ್ದು. "ಇದರಲ್ಲಿ ನಾನು ಸ್ಟೀರಿಂಗ್ ಮುಟ್ಟೋನಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಆರಾಮಾಗಿ ಮೈಚಾಚಿ ಹೋಗೋನು. ಕಷ್ಟ ಏನಿದ್ದರೂ ಬೇರೆಯವರದು."

ಹೋಗಬೇಕಾದ ದಾರಿಯೂ ಗೊತ್ತಾಗಿತ್ತು. ತೆಶಿ ಊರಿನ ದೊಡ್ಡ ಬೀದಿ, ಮೂಲೆಯ ಅಂಗಡಿ, ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಅಮರ್ಕೈ.

ಅಮರ್ಕೈ ಅವನ ಬಾಲ್ಯದ ಜೊತೆಗಾರ. ಬಾಡಿಗೆ ವ್ಯಾನುಗಳನ್ನು ಓಡಿಸಿ ದುಡ್ಡು ಮಾಡಿದವನು. ಒಕ್ಪೋಟಿ ಆ ಕಡೆ ನಡೆದು ಹೋದಾಗಲೆಲ್ಲ ಕೂಗುತ್ತಿದ್ದ: "ಏನೋ ಡ್ರೈವರ್, ಸ್ವಂತದ್ದು ಅಂತ ಒಂದು ತಳ್ಳುಗಾಡಿನಾದರೂ ಇದೆಯೇನೋ?" ಆ ಮನುಷ್ಯ ಒಂದೇ ಒಂದು ಸಲ ಕುರ್ಚಿಯಿಂದ ಏಳಬೇಕು, ಟೋಪಿ ತೆಗೆಯಬೇಕು, ಬಿಳಿ ಬೆಂಜ್ ನಿಧಾನವಾಗಿ ಅವನ ಮುಂದೆ ಹಾದುಹೋಗಬೇಕು. ಒಕ್ಪೋಟಿಗೆ ಇದ್ದ ಆಸೆ ಇಷ್ಟೇ.

ಸಂಜೆ ಕೊಳ್ಳುವವಳು ಮತ್ತೆ ಬಂದಳು. ಕೈಯಲ್ಲಿ ಅಳತೆ ಟೇಪು. ಮೈಮೇಲೆ ಕಪ್ಪು ಸೀಮೆಬಟ್ಟೆ. ಒಕ್ಪೋಟಿ ಗುರುತು ಹಿಡಿದು ಎದ್ದು ನಿಂತ. ಅಮರ್ಕೈಯ ತಂಗಿ ಕೊರ್ಕೊಯಿ!

"ಶನಿವಾರಕ್ಕೆ ಬೇಕು ಯಜಮಾನ್ರೇ. ನಾವು ಹೇಳಿದ್ದ ಗಾಡಿ ಸಮಯಕ್ಕೆ ಬರಲ್ಲವಂತೆ. ಊರಿಗೆಲ್ಲ ಹೇಳಾಗಿದೆ. ಮಾನ ಹೋಗುತ್ತೆ."

"ನಿಮ್ಮಣ್ಣನಿಗಾ? ನನ್ನ ಗಾಡಿಯಾ?"

"ಅವನಿಗೇ."

"ಬೇರೆ ಯಾರಿಗೆ ಬೇಕಾದರೂ ಕೊಟ್ಟೇನು, ಅವನಿಗಿಲ್ಲ. ನಡಿ."

ದೆದೆಯಿ ಹಣೆ ಚಚ್ಚಿಕೊಂಡಳು. ಕೊರ್ಕೊಯಿ ಕದಲಲಿಲ್ಲ. ಟೇಪು ಹಿಡಿದು ಗಾಡಿಯ ಉದ್ದ ಅಳೆದಳು.

"ಅಣ್ಣ ಉದ್ದ ಆಳು. ಕಾಲು ಚಾಚೋಕೆ ಆಗುತ್ತಾ?"

"ಬೆಂಜಿನಲ್ಲಿ ಆಗದೆ ಇನ್ನೆಲ್ಲಿ ಆಗುತ್ತಮ್ಮ? ಅವನ ವ್ಯಾನಲ್ಲಾ?"

"ಅವನಿಗೆ ಇದರ ಮೇಲೆ ಮೊದಲಿಂದ ಕಣ್ಣು," ಎಂದಳು ಕೊರ್ಕೊಯಿ. "ಹೋದ ತಿಂಗಳು ಮಂಚದ ಮೇಲೆ ಒರಗಿಕೊಂಡೇ ಹೇಳಿದ, ಆ ಡ್ರೈವರ್ ಒಕ್ಪೋಟಿ ಗಾಡಿ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ ಅಂತ."

ಒಕ್ಪೋಟಿ ಅವಳ ಹತ್ತಿರ ಬಂದ.

"ಏನಂದ?"

"ಹೊಟ್ಟೆ ಉರಿಯುತ್ತೆ ಅಂದ."

"ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು."

ಕೊರ್ಕೊಯಿ ಇನ್ನೊಂದು ಸಲ ಹೇಳಿದಳು. ಬೀದಿಗೂ ಕೇಳುವಂತೆ ಹೇಳಿದಳು. ಒಕ್ಪೋಟಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಆ ಅಂಗಡಿಯ ಮುಂದಿನ ಕುರ್ಚಿ ಖಾಲಿಯಾಗಿ ಎಷ್ಟೋ ವಾರವಾಗಿತ್ತು. ನೋಡಿ ಉರಿಯುವವನೇ ಅಲ್ಲಿಲ್ಲದ ಮೇಲೆ ಬೆಂಜ್ ಯಾರ ಮುಂದೆ ಹಾದುಹೋಗಬೇಕು?

"ತಗೊಂಡು ಹೋಗು," ಎಂದ. "ಆದರೆ ನಂಬರ್ ಪ್ಲೇಟ್ ಬಿಚ್ಚಬಾರದು. ಇದು ಯಾರ ಗಾಡಿ ಅಂತ ನೋಡಿದೋರಿಗೆ ಗೊತ್ತಾಗಬೇಕು. ನಮ್ಮನೆ ಮುಂದೆ ನಿಧಾನ ಹೋಗಬೇಕು."

ಬೆಲೆಯ ಮಾತನ್ನು ದೆದೆಯಿಯೇ ಆಡಿದಳು. ಮರುದಿನ ಅವಳ ಒಲೆ ಷೆಡ್ಡಿನೊಳಗೆ ಬಂತು.

ಶನಿವಾರ ಬ್ಯಾಂಡಿನ ಸದ್ದು ಕೇಳಿದಾಗ ಒಕ್ಪೋಟಿ ಆ ಹೊಲಿಸಿಟ್ಟ ಬಟ್ಟೆಯನ್ನೇ ಉಟ್ಟು ಗೇಟಿನ ಹತ್ತಿರ ನಿಂತಿದ್ದ. ಬಿಳಿ ಬೆಂಜ್ ತಿರುವಿನಲ್ಲಿ ಕಾಣಿಸಿತು. ಅವನು ಕನಸು ಕಂಡ ಹಾಗೆಯೇ ಎಲ್ಲ ಆಯಿತು. ಗಂಡಸರು ಟೋಪಿ ತೆಗೆದರು. ಹೆಂಗಸರು ತುದಿಗಾಲಿನಲ್ಲಿ ನಿಂತರು. ಹುಡುಗಿಯರು ಫೋನ್ ಎತ್ತಿ ಹಿಡಿದರು. "ಇದು ಒಕ್ಪೋಟಿ ಗಾಡಿ ಕಣೇ!" ಎಂದಳು ಯಾರೋ ಒಬ್ಬಳು.

ಅವನ ಮುಂದೆ ಬಂದಾಗ ಗಾಡಿ ನಿಧಾನವಾಯಿತು. ಒಕ್ಪೋಟಿಗೆ ತಡೆಯಲಾಗಲಿಲ್ಲ. ಅಮರ್ಕೈಯ ಮುಖ ಈಗ ಹೇಗಿದೆಯೋ ನೋಡಬೇಕೆಂದು ಕಿಟಕಿಯ ಕಡೆ ಕತ್ತು ಚಾಚಿದ.

ಕಿಟಕಿ ಬಡಗಿ ಬಳಿದ ಬಣ್ಣವಷ್ಟೇ. ಆರು ಜನ ಹೆಗಲು ಕೊಟ್ಟು ಹೊತ್ತಿದ್ದ ಆ ಬೆಂಜ್ ಆಕಾರದ ಶವಪೆಟ್ಟಿಗೆಯೊಳಗೆ ಅಮರ್ಕೈ ಏನನ್ನೂ ನೋಡದೆ ಕಣ್ಣು ಮುಚ್ಚಿ ಮಲಗಿದ್ದ, ಇನ್ನಿಪ್ಪತ್ತು ವರ್ಷ ನಿನಗೆ ಸಾವಿಲ್ಲ ಎಂದು ಡಾಕ್ಟರಿಂದ ಹೇಳಿಸಿಕೊಂಡು ಬಂದ ಒಕ್ಪೋಟಿ ಬೀದಿ ಬದಿಯಲ್ಲಿ ನಿಂತು ಎಲ್ಲವನ್ನೂ ಕಣ್ತುಂಬ ನೋಡುತ್ತಿದ್ದ.