ವರ್ನಾ ಕೊಟ್ಟ ಸ್ಪ್ಯಾನರುಗಳು

ವರ್ನಾಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾರ್ಬರ್ಟ್ ಕೈಬೀಸುತ್ತ ನಿಂತಿದ್ದ. ಮರೆಯಾದದ್ದೇ ತಡ, ಸೊಂಟ ಹಿಡಿದುಕೊಂಡು ಗ್ಯಾರೇಜಿನ ಹಿಂದಕ್ಕೆ ಓಡಿದ. ಬೇಲಿಯ ಆಚೆ ಪಕ್ಕದ ಮನೆಯ ಕ್ಲೆಮ್, ಹಳೆಯ ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಕಾಯುತ್ತಿದ್ದ.

"ಹೋದ್ಳಾ?"

"ಹೋದ್ಳು. ಚರ್ಚಲ್ಲಿ ಹಾಡಿನ ಪ್ರಾಕ್ಟೀಸು. ಮಧ್ಯಾಹ್ನದವರೆಗೂ ಬರಲ್ಲ. ತಾ ಇಲ್ಲಿ."

"ಈ ವಯಸ್ಸಲ್ಲಿ ನಿನಗಿದು ಬೇಕಿತ್ತೇನೋ? ಅವಳಿಗೆ ಗೊತ್ತಾದ್ರೆ?"

"ಗೊತ್ತಾಗಬಾರದು ಅಂತಲ್ವೇನೋ ಈ ಕಳ್ಳಾಟ! ಪಾಪ, ಮನಸ್ಸು ಮುರಿದುಹೋಗುತ್ತೆ ಅವಳಿಗೆ."

ಟವೆಲ್ಲಿನಿಂದ ಹೊರಬಂದದ್ದು ಸೀಸೆಯಲ್ಲ, ಸ್ಪ್ಯಾನರ್. ಗುಂಡಿಯಿಲ್ಲದ, ದೀಪವಿಲ್ಲದ, ಸಾದಾ ಉದ್ದನೆಯ ಸ್ಪ್ಯಾನರ್.

"ನಿಮ್ಮಪ್ಪಂದೇ," ಎಂದ ಕ್ಲೆಮ್. "ಆದ್ರೆ ವಾಪಸ್ ಕೊಡಬೇಕು. ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ."

ಗ್ಯಾರೇಜಿನ ಪಕ್ಕದಲ್ಲಿ ನಿಂತಿದ್ದ, ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಹಳೆಯ ಕ್ಯಾಂಪರ್ ವ್ಯಾನಿನ ಮೇಲೆ ನಾರ್ಬರ್ಟ್ ಜೀವ ಇಟ್ಟುಕೊಂಡಿದ್ದ. ವಿಸ್ಕಾನ್ಸಿನ್ನಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಅವನಿಗೆ ಸಾಕಾಗಿಹೋಗಿತ್ತು. ಮನೆ ಮಾರಬೇಕು, ವ್ಯಾನು ಹತ್ತಬೇಕು, ಉಳಿದ ಆಯುಷ್ಯವನ್ನೆಲ್ಲ ಅರಿಜೋನಾದ ಬಿಸಿಲಿನಲ್ಲಿ ಕಾಲು ಚಾಚಿ ಕಳೆಯಬೇಕು. ವರ್ನಾ ಬೇಡವೆನ್ನಲಿಲ್ಲ. ಷರತ್ತು ಒಂದೇ: "ಮೆಕ್ಯಾನಿಕ್ ಕೈಗೆ ಕೊಡಬಾರದು. ನೀನೇ ರಿಪೇರಿ ಮಾಡು. ಸ್ಟಾರ್ಟ್ ಆದ ದಿನಾನೇ ಮನೆ ಮಾರೋ ಬೋರ್ಡ್ ಹಾಕೋಣ."

ಎಂಥ ಹೆಂಡತಿ! ಗಂಡನ ಕೈಕೆಲಸದ ಮೇಲೆ ಅಷ್ಟು ನಂಬಿಕೆ ಆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ನಾರ್ಬರ್ಟನಿಗೂ ಇರಲಿಲ್ಲ.

ಕೆಲಸವೆಲ್ಲ ನಿಂತಿದ್ದದ್ದು ಒಂದು ಬೋಲ್ಟಿನಿಂದ. ಸುಟ್ಟುಹೋದ ಸ್ಟಾರ್ಟರ್ ಮೋಟಾರು ಬಿಚ್ಚಿ ಹೊಸದು ಹಾಕಬೇಕು. ಹೊಸದು ಡಬ್ಬದಲ್ಲಿ ತಯಾರಾಗಿತ್ತು. ಹಳೆಯದರ ಮೇಲಿನ ಬೋಲ್ಟು ಮಾತ್ರ ಸಂದಿಯಲ್ಲಿ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಟೀವಿ ಜಾಹೀರಾತಿಗೆ ಮರುಳಾಗಿ ಮೊದಲ ಮಾಯಾ ಸಾಧನ ತರಿಸಿದವನು ನಾರ್ಬರ್ಟನೇ. ಎಲ್ಲ ಬೋಲ್ಟಿಗೂ ಒಂದೇ ಸಾಕೆಟ್! ಬಾಯೊಳಗೆ ತುಂಬ ಸ್ಪ್ರಿಂಗ್ ಕಡ್ಡಿಗಳು, ಯಾವ ಬೋಲ್ಟಿಗೆ ಒತ್ತಿದರೂ ತಾವೇ ಹೊಂದಿಕೊಳ್ಳುತ್ತವಂತೆ. ಹೊಂದಿಕೊಂಡವು. ತಿರುಗಿಸಿದಾಗ ಮಾತ್ರ ಬೋಲ್ಟಿಗೆ ನಮಸ್ಕಾರ ಹೇಳಿ ಜಾರಿಕೊಂಡವು. ಆ ಬೇಸಿಗೆಯೆಲ್ಲ ಅವನು ವ್ಯಾನಿನ ಕೆಳಗೆ ಮಲಗಿ ತನ್ನನ್ನೇ ಬೈದುಕೊಂಡ. ವರ್ನಾ ತಣ್ಣಗಿನ ನಿಂಬೆ ಪಾನಕ ತಂದುಕೊಟ್ಟು, ಆ ಸಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಅಂದಿನಿಂದ ಸಾಧನ ತರುವ ಹೊಣೆಯನ್ನು ಅವಳೇ ಹೊತ್ತಳು. ಹುಟ್ಟುಹಬ್ಬಕ್ಕೆ ಹಾವಿನಂತೆ ಬಳುಕುವ ಸ್ಕ್ರೂಡ್ರೈವರ್ ಬಂತು. ತಿರುಗಿಸಿದರೆ ಅದೇ ಸುತ್ತಿಕೊಳ್ಳುತ್ತಿತ್ತು. ಮದುವೆಯ ವಾರ್ಷಿಕೋತ್ಸವಕ್ಕೆ ಬೆರಳ ತುದಿಗೆಲ್ಲ ದೀಪವಿರುವ ಕೈಗವಸು. ಅಲುಗದ ಬೋಲ್ಟು ಅದರಿಂದ ಸ್ಪಷ್ಟವಾಗಿ ಕಾಣಿಸಿತು. ಕ್ರಿಸ್‌ಮಸ್ಸಿಗೆ ಬ್ಯಾಟರಿ ಸ್ಪ್ಯಾನರ್. ಗುಂಡಿ ಒತ್ತಿದರೆ ಬಾಯಿ ಮುಚ್ಚುತ್ತಿತ್ತು, ಬಲ ಹಾಕಿದರೆ ಆಕಳಿಸುತ್ತಿತ್ತು. ಕೊಳ್ಳುವ ಮುಂಚೆ ವರ್ನಾ ಕಂಪ್ಯೂಟರಿನ ಮುಂದೆ ಕೂತು, ಕೊಂಡವರು ಬರೆದ ಅಭಿಪ್ರಾಯಗಳನ್ನು ಒಂದೂ ಬಿಡದೆ ಓದುತ್ತಿದ್ದಳು. ಇವಕ್ಕೆಲ್ಲ ಜಾಗ ಸಾಲದೆಂದು ಮಾವನ ಕಾಲದ ಟೂಲ್ ಬಾಕ್ಸನ್ನು ಮನೆಮುಂದಿನ ಹಳೇ ಸಾಮಾನಿನ ಮಾರಾಟಕ್ಕಿಟ್ಟಳು. ಎತ್ತಿಕೊಂಡು ಹೋದವನು ಕ್ಲೆಮ್.

ಅವಳು ಮನೆ ಬಿಡಲು ಎಷ್ಟು ಸಿದ್ಧಳಾಗಿದ್ದಳೆಂದರೆ, ಈ ವಸಂತದಲ್ಲಿ ಹಿತ್ತಲಲ್ಲಿ ಸೇಬಿನ ಸಸಿಗಳನ್ನೂ ನೆಟ್ಟಿದ್ದಳು. ಮನೆ ಕೊಳ್ಳುವವರು ತಿನ್ನಲಿ ಎಂಬ ದೊಡ್ಡ ಮನಸ್ಸು ಎಂದುಕೊಂಡಿದ್ದ ನಾರ್ಬರ್ಟ್.

ಇಂಥವಳ ಉಡುಗೊರೆಯಲ್ಲಿ ಕೊಂಕು ತೆಗೆಯುವುದು ಹೇಗೆ? ಆ ಊರಿನವರು ಸತ್ತರೂ ಹಾಗೆ ಮಾಡುವವರಲ್ಲ. ಕೊಟ್ಟವರ ಎದುರಿಗೇ ಬಳಸಬೇಕು, "ನನಗೆ ಇದೇ ಬೇಕಾಗಿತ್ತು" ಅನ್ನಬೇಕು. ನಾರ್ಬರ್ಟ್ ಪ್ರತಿ ಸಲವೂ ಅಂದ. ಬೆರಳ ಗಿಣ್ಣುಗಳನ್ನೆಲ್ಲ ತರಚಿಕೊಂಡು ಅಂದ.

ಇವತ್ತು ಅವನು ಅಪ್ಪನ ಸ್ಪ್ಯಾನರನ್ನು ಬೋಲ್ಟಿಗೆ ಸಿಕ್ಕಿಸಿ, ಉಸಿರು ಕಟ್ಟಿ ಒಂದೇ ಸಲ ಎಳೆದ. ಕಟಕ್ ಎಂದಿತು. ಬೋಲ್ಟು ಸಡಿಲವಾಯಿತು.

"ಇಷ್ಟೇನಾ!" ಎಂದ ಕ್ಲೆಮ್. "ಇದಕ್ಕಾ ನೀನು ಇಷ್ಟು ದಿನ ಮಣ್ಣಲ್ಲಿ ಬಿದ್ಕೊಂಡಿದ್ದು?"

ಹೊಸ ಮೋಟಾರು ಕೂತಿತು. ನಾರ್ಬರ್ಟ್ ಕೀಲಿ ತಿರುಗಿಸಿದ. ವ್ಯಾನು ಕೆಮ್ಮಿತು, ಕರಿ ಹೊಗೆ ಉಗುಳಿತು, ಆಮೇಲೆ ಗುರುಗುಟ್ಟುತ್ತ ಓಡತೊಡಗಿತು. ಇಬ್ಬರು ಮುದುಕರೂ ತಬ್ಬಿಕೊಂಡು ಕುಣಿದರು. ನಾರ್ಬರ್ಟನ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

ಕುಣಿತ ನಿಂತಾಗ ವರ್ನಾ ಎದುರಿಗೆ ನಿಂತಿದ್ದಳು. ಪಿಯಾನೊ ನುಡಿಸುವವಳಿಗೆ ಜ್ವರವಂತೆ, ಪ್ರಾಕ್ಟೀಸು ಬೇಗ ಮುಗಿದಿತ್ತು. ಕ್ಲೆಮ್ ಸ್ಪ್ಯಾನರನ್ನು ಟವೆಲ್ಲಿನಡಿ ತಳ್ಳಿ ಅದರ ಮೇಲೇ ಕೂತುಬಿಟ್ಟ.

"ಸ್ಟಾರ್ಟ್ ಆಯ್ತು ಕಣೇ!"

ವರ್ನಾಳ ಮುಖ ಬಿಳಿಚಿಕೊಂಡಿತು. ಸಂತೋಷ ತಡೆಯಲಾಗುತ್ತಿಲ್ಲ ಪಾಪ, ಅನ್ನಿಸಿತು ನಾರ್ಬರ್ಟನಿಗೆ.

"ಆ ಬೋಲ್ಟು... ಯಾವುದ್ರಲ್ಲಿ ಬಿಚ್ಚಿದೆ?"

ನಿಜ ಹೇಳಿ ಅವಳ ಪ್ರೀತಿಗೆ ಕಲ್ಲು ಹಾಕುವಷ್ಟು ಕಟುಕ ಅವನಲ್ಲ.

"ನೀನು ಕೊಟ್ಟಿದ್ರಲ್ಲೇ! ಕ್ರಿಸ್‌ಮಸ್ಸಿಗೆ ಕೊಟ್ಯಲ್ಲ, ಆ ಬ್ಯಾಟರಿ ಸ್ಪ್ಯಾನರು. ಹಾಕಿದ ತಕ್ಷಣ ಬೆಣ್ಣೆ ಥರ ಬಂತು."

"ಸುಳ್ಳು!" ವರ್ನಾ ಚರ್ಚಿನ ಹಾಡಿಗಿಂತ ಮೇಲಿನ ಸ್ವರದಲ್ಲಿ ಕಿರುಚಿದಳು. "ಅದು ಜ್ಯಾಮ್ ಬಾಟಲಿ ಮುಚ್ಚಳಾನೂ ತೆಗೆಯಲ್ಲ ಅಂತ ಕೊಂಡೋರೆಲ್ಲ ಅತ್ತುಕೊಂಡು ಬರೆದಿದ್ರು, ಅದನ್ನ ಓದಿದ ಮೇಲೇ ನಾನು ತರಿಸಿದ್ದು!"